ಬಕೆಟ್ ಒದೆಯುವುದೂ ಬಕೆಟ್ ಹಿಡಿಯುವುದೂ

ಕನಕಪುರ ಸೀಮೆಯ ಕಬ್ಬಾಳು. ಕಬ್ಬಾಳಮ್ಮನ ಗುಡಿಯ ಬೀದಿಯಲ್ಲಿ ಒಂದು ಹಣ್ಣುಕಾಯಿ ಅಂಗಡಿ. ಬೆಳಗಿನ ಜನ ಕರಗಿ, ಸಂಜೆಯ ಜನ ಇನ್ನೂ ಬಸ್ಸಿಳಿಯದ ಹೊತ್ತು. ಗಲ್ಲಾದ ಮೇಲೆ ಕೂತವಳು ಕೇಂದ್ರ ಸರ್ಕಾರದ ಕೆಲಸದ ಪರೀಕ್ಷೆಗೆ ಓದುತ್ತಿರುವ ಹುಡುಗಿ. ಎದುರು ಬೆಂಚಿನಲ್ಲಿ ಹೈಸ್ಕೂಲಿನಲ್ಲಿ ಅವಳಿಗೆ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು.

— ಸಾರ್, ಇಂಗ್ಲಿಷರಲ್ಲಿ ಬಕೆಟ್ ಒದ್ದೋನು ಸಾಯ್ತಾನಂತೆ.

— ಕಿಕ್ ದ ಬಕೆಟ್. ಹೌದು, ಸಾಯ್ತಾನೆ.

— ನಮ್ಮಲ್ಲಿ ಬಕೆಟ್ ಹಿಡಿದೋನು ಬಡ್ತಿ ತಗೋತಾನೆ.

— ಬಕೆಟ್ಟು ಮಾತ್ರ ಎರಡು ಕಡೆಯೂ ಅವರದ್ದೇ ನೋಡು. ಸಾಹೇಬರಿಗೆ ಬಿಂದಿಗೆ ಹಿಡಿದ ಅಂತ ಯಾರೂ ಅನ್ನಲ್ಲ. ಪದ ಅವರದ್ದು ತಗೊಂಡ್ವಿ, ಕೆಲಸ ನಮ್ಮದು ಹಚ್ಚಿದ್ವಿ. ಅವರ ಬಕೆಟ್ಟು ಬಕೆಟ್ಟೇ ಅಲ್ಲ ಅನ್ನೋರೂ ಇದಾರೆ. ಹಂದಿ ಕುಯ್ಯೋವಾಗ ಕಾಲು ಕಟ್ಟಿ ನೇತುಹಾಕೋ ತೊಲೆಗೆ ಇಂಗ್ಲೆಂಡಿನ ಕೆಲವು ಸೀಮೇಲಿ ಬಕೆಟ್ ಅಂತಿದ್ರಂತೆ. ಪ್ರಾಣ ಹೋಗೋವಾಗ ಹಂದಿ ಒದ್ದಾಡಿ ಆ ತೊಲೆಗೆ ಒದೀತಿತ್ತು ಅಂತ ಒಂದು ವಾದ. ನೇಣಿಗೆ ಕೊರಳು ಕೊಟ್ಟೋನು ಕಾಲ ಕೆಳಗಿನ ಬಕೆಟ್ ಒದೀತಾನೆ ಅಂತ ಇನ್ನೊಂದು.

— ಯಾವುದು ಸರಿ?

— ಇತ್ಯರ್ಥ ಆಗಿಲ್ಲ. ನಂಗೆ ಮುಖ್ಯ ಅನ್ನಿಸೋದು ಬೇರೆ. ಫ್ರಾನ್ಸಿಸ್ ಗ್ರೋಸ್ ಅಂತ ಒಬ್ಬ 1785ರಲ್ಲಿ ಒಂದು ನಿಘಂಟು ಅಚ್ಚು ಹಾಕಿಸಿದ. ಈ ಮಾತು ಅದರಲ್ಲಿದೆ. ಅದು ಎಂಥ ನಿಘಂಟು ಗೊತ್ತಾ? ಪೋಲಿ ಮಾತುಗಳದ್ದು. ಹೆಂಡದಂಗಡಿ, ಸಿಪಾಯಿಗಳ ಬಿಡಾರ, ಕಳ್ಳರ ಕೂಟ, ಇಂಥ ಕಡೆ ಓಡಾಡೋ ಮಾತು. ನಿನ್ನ ನುಡಿಗಟ್ಟಿನ ಪುಸ್ತಕ ಅದನ್ನ ಹೇಳುತ್ತಾ?

— ಇಲ್ಲ. 'ಸಿ, ಟು ಡೈ', ಅಷ್ಟೇ.

— ಅಲ್ಲೇ ಇರೋದು ಕಷ್ಟ. ನಾಳೆ ನಿಂಗೆ ಕೆಲಸ ಸಿಕ್ತು, ದೆಹಲಿಗೆ ಹಾಕಿದ್ರು, ನಿಮ್ಮ ಆಫೀಸರ ತಾಯಿ ತೀರಿಕೊಂಡ್ರು ಅಂತಿಟ್ಕೋ. ಸಂತಾಪದ ಕಾಗದದಲ್ಲಿ ಇದನ್ನ ಬರೆದೆ ಅಂದ್ರೆ, 'ತಮ್ಮ ಮಾತೃಶ್ರೀಯವರು ಗೊಟಕ್ ಅಂದ ಸುದ್ದಿ ತಿಳಿದು ಅತೀವ ದುಃಖವಾಯಿತು' ಅಂತ ಬರೆದ ಹಾಗೆ.

— ಅಯ್ಯಯ್ಯೋ!

— ಸಾಯೋದಕ್ಕೆ ನಿನ್ನ ಹತ್ರ ಎಷ್ಟು ಮಾತಿದೆ, ಹೇಳು ನೋಡೋಣ.

— ತೀರಿಕೊಂಡ್ರು. ಹೋಗ್ಬಿಟ್ರು. ಪೇಪರಲ್ಲಾದ್ರೆ ನಿಧನರಾದರು. ನಮ್ಮಜ್ಜಿ ಶಿವನ ಪಾದ ಸೇರಿದ್ರು ಅಂತಾರೆ. ಸ್ವಾಮಿಗಳಾದ್ರೆ ಲಿಂಗೈಕ್ಯರಾದ್ರು. ಆಗದೇ ಇರೋನಾದ್ರೆ ನೆಗೆದು ಬಿದ್ದ. ಹುಡುಗ್ರು ಟಿಕೆಟ್ ತಗೊಂಡ ಅಂತಾರೆ.

— ಇದನ್ನೆಲ್ಲ ನಿಂಗೆ ಯಾರಾದ್ರೂ ಪಾಠ ಮಾಡಿದ್ರಾ? ಇಲ್ಲ. ಯಾವ ಸಾವಿನ ಮನೇಲಿ ಯಾವ ಮಾತು ಬಾಯಿಗೆ ಬರಬಾರದು ಅನ್ನೋದು ನಿಂಗೆ ಗೊತ್ತು. ಇಂಗ್ಲಿಷಿನಲ್ಲಿ ನಿಂಗೆ ಗೊತ್ತಿರೋದು ಅರ್ಥ ಒಂದೇ. ನುಡಿಗಟ್ಟಿನಲ್ಲಿ ಅರ್ಥ ಅನ್ನೋದು ಕಾಲು ಭಾಗ ಅಷ್ಟೇ. ಯಾರು, ಯಾರ ಮುಂದೆ, ಎಂಥ ಹೊತ್ತಲ್ಲಿ ಆಡ್ತಾರೆ ಅನ್ನೋದೇ ಮುಕ್ಕಾಲು.

— ಆ ಮುಕ್ಕಾಲಿಗೆ ಅಂಕ ಇಲ್ಲವಲ್ಲ ಸಾರ್.

— ಅದೂ ಸರಿಯೇ. ಮುಂದಿನದು ಓದು.

— 'ಗಿವ್ ಎ ಹ್ಯಾಂಡ್'. ಸಹಾಯ ಮಾಡೋದಂತೆ. ನಮ್ಮ ಕೋಚಿಂಗ್ ಕ್ಲಾಸಲ್ಲಿ ಅರ್ಧಕ್ಕರ್ಧ ಜನ ಮೋಸ ಮಾಡೋದು ಅಂತ ಗುರುತು ಹಾಕಿದ್ರು.

— ಹಾಕದೆ ಏನ್ಮಾಡ್ತಾರೆ! ಕನ್ನಡದಲ್ಲಿ ಕೈ ಕೊಟ್ಟ ಅಂದ್ರೆ ಮುಗೀತಲ್ಲ. ಅದಿರಲಿ, ನಿಮ್ಮಪ್ಪಂದು ಈ ಸಾರಿ ರೇಷ್ಮೆ ಗೂಡು ಹೆಂಗಾಯ್ತು?

— ಕೈ ಹಿಡೀತು ಸಾರ್. ಅದರ ಹಿಂದಿನ ಬೆಳೆ ಕೈ ಕೊಟ್ಟಿತ್ತು. ನಾಲ್ಕನೇ ಜ್ವರ ಎದ್ದು, ಇನ್ನೇನು ಹಣ್ಣಾಗಬೇಕು, ಅಷ್ಟರಲ್ಲಿ ಸಪ್ಪೆ ರೋಗ ಬಂದು ತಟ್ಟೆ ತಟ್ಟೇನೇ ಸುರಿದ್ವಿ. ಸೊಪ್ಪಿಗೆ ಹಾಕಿದ ದುಡ್ಡು ಕೈ ಕಚ್ಚಿತು.

— ಒಂದೇ ಉಸಿರಿಗೆ ಮೂರು ಕೈ. ಮೂರರಲ್ಲೂ ಕೆಲಸ ಮಾಡೋದು ಬೆಳೆ ಇಲ್ಲಾ ದುಡ್ಡು, ಮನುಷ್ಯನಲ್ಲ. ಈಗ ಲಂಡನ್ನಿನಿಂದ ಒಬ್ಬ ಬಂದ ಅನ್ನು, ಕನ್ನಡವನ್ನ ನೀನು ಓದ್ತಿರೋ ಥರದ ಪುಸ್ತಕದಲ್ಲೇ ಕಲಿತು ಬಂದಿದಾನೆ. 'ಹುಳ ಜ್ವರಕ್ಕೆ ಕೂತಿವೆ, ಸೊಪ್ಪು ಹಾಕ್ಬೇಡಿ' ಅಂತ ನಿಮ್ಮಮ್ಮ ಕೂಗಿದ್ರೆ ಅವನೇನು ಮಾಡ್ತಾನೆ?

— ದನದ ಡಾಕ್ಟ್ರಿಗೆ ಫೋನ್ ಮಾಡ್ತಾನೆ.

— ಮಾಡ್ತಾನೆ. ಹುಳ ನಾಲ್ಕು ಸಾರಿ ಪೊರೆ ಬಿಡುತ್ತೆ, ಪ್ರತಿ ಸಾರಿಯೂ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಕೂರುತ್ತೆ, ಆ ಕೂರೋದಕ್ಕೆ ಜ್ವರ ಅಂತಾರೆ, ಅದು ಕಾಯಿಲೆಯಲ್ಲ, ಬೆಳವಣಿಗೆ. ಇದನ್ನ ಅವನಿಗೆ ಹೇಳೋರು ಯಾರು? ಹಣ್ಣಾಯ್ತು ಅಂದ್ರೆ ತಿನ್ನೋಕೆ ಬಂತು ಅಂದ್ಕೋತಾನೆ. ಹುಳದ ಮೈ ಹೊಳಪು ಬಂದು ಒಳಗಿನ ಬೆಳಕು ಕಂಡ ಹಾಗಾದಾಗ ಆರಿಸಿ ಗೂಡು ಕಟ್ಟೋ ಚಂದ್ರಿಕೆಗೆ ಬಿಡಬೇಕು ಅನ್ನೋದು ಹುಳದ ಮನೇಲಿ ನಿದ್ದೆಗೆಟ್ಟೋರಿಗೆ ಮಾತ್ರ ಗೊತ್ತು. ಅವರ ಮಾತು ನಿಂಗೆ ಎಷ್ಟು ಕಷ್ಟವೋ ನಿನ್ನ ಮಾತು ಅವನಿಗೆ ಅದರ ಹತ್ತರಷ್ಟು ಕಷ್ಟ. ಅವನಿಗೆ ಮಾತ್ರ ಯಾರೂ ಪರೀಕ್ಷೆ ಇಡಲ್ಲ.

— ಕೈ ತೊಳೆಯೋದೂ ಇದೆ ಸಾರ್ ಇಲ್ಲಿ. 'ವಾಶ್ ಒನ್ಸ್ ಹ್ಯಾಂಡ್ಸ್ ಆಫ್'. ತನಗೂ ಅದಕ್ಕೂ ಸಂಬಂಧವಿಲ್ಲ ಅನ್ನೋದು.

— ಅದು ಬೈಬಲ್ಲಿಂದ ಬಂದದ್ದು. ಯೇಸುವನ್ನ ಶಿಲುಬೆಗೆ ಒಪ್ಪಿಸೋವಾಗ ರೋಮನ್ ಅಧಿಕಾರಿ ಪಿಲಾತ ಜನರ ಮುಂದೆ ನೀರು ತರಿಸಿ ಕೈ ತೊಳ್ಕೊಂಡ, ಈ ರಕ್ತಕ್ಕೆ ನಾನು ಹೊಣೆಯಲ್ಲ ಅಂತ. ನಮ್ಮ ಪೇಪರ್‌ಗಳೂ ಈಗ 'ಸರ್ಕಾರ ಕೈತೊಳೆದುಕೊಂಡಿತು' ಅಂತ ಬರೀತವೆ, ಪಿಲಾತನ ಅರ್ಥದಲ್ಲೇ. ಆದ್ರೆ ಊರಲ್ಲಿ ನಾವು ಹೆಂಗಂತೀವಿ?

— ಕೈ ತೊಳ್ಕೊಂಡು ಬೆನ್ನು ಬಿದ್ದಿದಾನೆ ಅಂತೀವಿ.

— ಅಂದ್ರೆ ಬಿಡೋದೇ ಇಲ್ಲ ಅಂತ! ಅಲ್ಲಿ ಕೈ ತೊಳೆದೋನು ಬಿಟ್ಟು ಹೋಗ್ತಾನೆ, ಇಲ್ಲಿ ಕೈ ತೊಳೆದೋನು ಹಿಂದೆ ಬರ್ತಾನೆ. ಎರಡೂ ಇವತ್ತು ಒಂದೇ ಕನ್ನಡದಲ್ಲಿವೆ. ಒಂದು ಪೇಪರ್ ಕನ್ನಡ, ಇನ್ನೊಂದು ಜಗಲಿ ಕನ್ನಡ. ಓದೋರಿಗೆ ಇದರಿಂದ ಗೊಂದಲವೇನೂ ಆಗಿಲ್ಲ, ಅದೇ ಆಶ್ಚರ್ಯ.

— ಆನೆದೂ ಇದೆ. 'ಎಲಿಫೆಂಟ್ ಇನ್ ದ ರೂಮ್'. ಕೋಣೇಲಿ ಆನೆ ನಿಂತಿದೆ, ಎಲ್ರಿಗೂ ಕಾಣುತ್ತೆ, ಯಾರೂ ಮಾತೆತ್ತಲ್ಲ. ಅಜ್ಜಿಗೆ ಹೇಳಿದೆ. 'ಅವರೂರಲ್ಲಿ ಆನೆ ಇಲ್ಲ ಕಣ, ಅದ್ಕೇ ಹಂಗಂತಾರೆ. ಸಾತನೂರು ಕಾಡಿಂದ ಒಂದು ಇಳೀಲಿ, ಯಾವನು ಬಾಯ್ ಮುಚ್ಕೊಂಡು ಕೂರ್ತಾನೋ ನೋಡವ' ಅಂದ್ರು.

— ಅಜ್ಜಿಗೆ ಪೂರ್ತಿ ಅಂಕ. ಇಲ್ಲಿ ಆನೆ ಬಂತು ಅಂದ್ರೆ ತಮಟೆ, ಪಟಾಕಿ, ಟಾರ್ಚು, ಫಾರೆಸ್ಟ್‌ನೋರಿಗೆ ಫೋನು, ಮಾರನೇ ದಿನ ಟೀ ಅಂಗಡೀಲಿ ಬೇರೆ ಮಾತೇ ಇಲ್ಲ. ಅವರಿಗೆ ಆನೆ ಅಂದ್ರೆ ಮೃಗಾಲಯದಲ್ಲಿ ನೋಡೋದು, ಹಂಗಾಗಿ ಮನೆಯೊಳಗೆ ಕಲ್ಪಿಸ್ಕೊಂಡ್ರೆ ತಮಾಷೆ. ನಮಗೆ ಅದು ಬಾಳೆತೋಟದ ಲೆಕ್ಕ. ಆದ್ರೂ ಈಚೆಗೆ ಕೆಲವರು ಲೇಖನಗಳಲ್ಲಿ 'ಕೋಣೆಯೊಳಗಿನ ಆನೆ' ಅಂತ ಬರೆಯೋಕೆ ಶುರು ಮಾಡಿದಾರೆ. ಈ ಸೀಮೆಯೋನು ಅದನ್ನ ಓದಿದ್ರೆ ಯಾವ ಊರಿಗೆ ನುಗ್ತು ಅಂತ ಕೆಳಗಿನ ಸಾಲು ಹುಡುಕ್ತಾನೆ.

— ಬಿಳಿಯಾನೆ ಮಾತ್ರ ಎಲ್ರಿಗೂ ಗೊತ್ತಲ್ಲ ಸಾರ್?

— ಅದು ಒಳಗೆ ಬಂದು ಕೂತು ಎಷ್ಟೋ ಕಾಲ ಆಯ್ತು. ಸಯಾಮಿನ ರಾಜ, ಅಂದ್ರೆ ಈಗಿನ ಥಾಯ್ಲೆಂಡಿನವನು, ಆಗದೋರಿಗೆ ಬಿಳಿಯಾನೆ ಬಹುಮಾನ ಕೊಡ್ತಿದ್ದ, ಪವಿತ್ರ ಪ್ರಾಣಿ, ಕೆಲಸ ಮಾಡಿಸೋ ಹಾಗಿಲ್ಲ, ಮಾರೋ ಹಾಗಿಲ್ಲ, ಸಾಕಿ ಸಾಕಿ ದಿವಾಳಿ. 'ಸಾಕಲಾರದ ಬಿಳಿಯಾನೆ' ಅನ್ನೋದು ಈ ಕತೆಯಿಂದ. ಇತಿಹಾಸದಲ್ಲಿ ಹಂಗೆ ನಡೆದಿತ್ತೋ ಇಲ್ಲವೋ ಬೇರೆ ಮಾತು. ಸ್ವಾರಸ್ಯ ಏನಂದ್ರೆ, ನಮಗೆ ಮೊದಲಿಂದಲೂ ಒಂದು ಬಿಳಿಯಾನೆ ಇತ್ತು.

— ಐರಾವತ!

— ಇಂದ್ರನ ವಾಹನ. ನಮ್ಮ ಸಾರಿಗೆ ಸಂಸ್ಥೆ ತನ್ನ ವೋಲ್ವೊ ಬಸ್ಸಿಗೆ ಅದೇ ಹೆಸರಿಟ್ಟಿತು, ಅದು ಹೊಗಳಿಕೆ. ಐರಾವತದಲ್ಲಿ ಕೂತು ಪೇಪರ್ ಬಿಡಿಸಿ 'ಯೋಜನೆ ಬಿಳಿಯಾನೆಯಾಯಿತು' ಅಂತ ಓದ್ತೀವಿ. ಒಂದು ಆನೆ ಸ್ವರ್ಗದಿಂದ ಬಂತು, ಇನ್ನೊಂದು ಸಯಾಮಿನಿಂದ ಇಂಗ್ಲೆಂಡ್ ಸುತ್ತಿ ಬಂತು. ಒಂದನ್ನೊಂದು ತುಳಿದಿಲ್ಲ.

— ಹಂಗಾದ್ರೆ ಬಿಳಿಯಾನೆ ಬಂತು, ಕೋಣೆಯಾನೆ ಯಾಕೆ ಬರಲ್ಲ?

— ನನ್ನ ಅಂದಾಜು ಹೇಳ್ತೀನಿ. ಬಿಳಿಯಾನೆ, ಕುದುರೆ ವ್ಯಾಪಾರ, ಕೆಂಪುಪಟ್ಟಿ, ಹಸಿರು ನಿಶಾನೆ, ಶೀತಲ ಸಮರ, ಕಪ್ಪುಪಟ್ಟಿ. ಇವೆಲ್ಲ ಒಂದೇ ಬಾಗಿಲಿಂದ ಬಂದವು. ಪತ್ರಿಕಾ ಕಚೇರಿ ಬಾಗಿಲು. ರಾತ್ರಿ ಪಾಳಿಯ ಉಪಸಂಪಾದಕನ ಮುಂದೆ ಪಿಟಿಐ ಸುದ್ದಿ ಇಂಗ್ಲಿಷಿನಲ್ಲಿ ಬಂದು ಬೀಳುತ್ತೆ, ಪುಟ ಕಟ್ಟೋಕೆ ಅರ್ಧ ಗಂಟೆ ಇದೆ, ಕೂತು ಕನ್ನಡದ ಜಾಯಮಾನ ಹುಡುಕೋಕೆ ಆಗುತ್ತಾ? ಹಾರ್ಸ್ ಟ್ರೇಡಿಂಗ್ ಅಂತಿದೆ, ಕುದುರೆ ವ್ಯಾಪಾರ ಅಂತ ಇಳಿಸಿದ. ಮಾರನೇ ದಿನ ಶಾಸಕರು ರೆಸಾರ್ಟಿಗೆ ಹೋದ್ರು, ಪದಕ್ಕೆ ಕೆಲಸ ಸಿಕ್ತು. ಅದರ ಮಾರನೇ ವರ್ಷವೂ ಸಿಕ್ತು. ಕೆಲಸ ಸಿಕ್ಕಿದ ಪದ ಊರು ಬಿಟ್ಟು ಹೋಗಲ್ಲ. ಮನೆ ಕಡೆ ನೋಡು. ಅತ್ತೆ ಸೊಸೆ ಜಗಳಕ್ಕೆ, ಸಾಲಗಾರನ ಕಾಟಕ್ಕೆ, ನೆರೆಯೋಳ ಹೊಟ್ಟೆಕಿಚ್ಚಿಗೆ ಇಂಗ್ಲಿಷಿಂದ ಒಂದೇ ಒಂದು ನುಡಿಗಟ್ಟು ತಂದಿದೀವಾ? ಅವರು ಹೊಟ್ಟೆಕಿಚ್ಚಿಗೆ ಹಸಿರಾದಳು ಅಂತಾರೆ. ನಮ್ಮಲ್ಲಿ ಹೊಟ್ಟೆ ಉರೀತದೆ, ಅಷ್ಟು ಸಾಕು.

— ಕೆಂಪುಪಟ್ಟಿ ಹೆಂಗೆ ಸಾರ್? ಅದು ಪಟ್ಟೀನೇ ಅಲ್ವಲ್ಲ.

— ದಾರ. ಇಂಗ್ಲೆಂಡಿನ ಸರ್ಕಾರಿ ಕಾಗದದ ಕಟ್ಟುಗಳನ್ನ ಕೆಂಪು ದಾರದಲ್ಲಿ ಬಿಗೀತಿದ್ರು. ಕಚೇರಿ ಪದ್ಧತಿ ಇಲ್ಲಿಗೂ ಬಂತು, ಕಡತ ಬಂತು, ಕೆಂಪು ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿಟ್ಟ ದಫ್ತರ ಬಂತು. ಪಹಣಿ ತಿದ್ದುಪಡಿಗೆ ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿಳಿದೋನಿಗೆ ಆ ಗಂಟು ಕಣ್ಣಲ್ಲೇ ಇದೆ. ಹಂಗಾಗಿ ಕೆಂಪುಪಟ್ಟಿ ಅಂದ್ರೆ ವಿವರಿಸಬೇಕಾಗಿಲ್ಲ.

— ಪತ್ರಿಕಾ ಕಚೇರಿ ಬಾಗಿಲು ಒಂದೇ ಅಂತ ನಾನು ಒಪ್ಪಲ್ಲ. ಅವಳ ನಗುವಿಗೆ ಕ್ಲೀನ್ ಬೌಲ್ಡ್ ಆದ ಅಂತ ನಮ್ಮಣ್ಣನ ಗೆಳೆಯರು ಅಂತಿರ್ತಾರೆ. ಅವರು ಪೇಪರ್ ಮುಟ್ಟೋದೇ ಇಲ್ಲ. ಗೂಗ್ಲಿ ಅಂತ ಸಿನಿಮಾನೇ ಬಂತು.

— ಬಂತು, 2013ರಲ್ಲಿ. ಒಪ್ಪಿದೆ. ಕ್ರಿಕೆಟ್ ಇನ್ನೊಂದು ಬಾಗಿಲು. ಅಲ್ಲಿ ಯಾರೂ ಅನುವಾದ ಮಾಡಲೇ ಇಲ್ಲ, ಬ್ಯಾಟು ಬಾಲು ಬಂದ ಹಾಗೆ ಮಾತೂ ಬಂತು. ಹಂಗಾದ್ರೆ ಹಿಂಗೆ ಹೇಳೋಣ, ವಸ್ತು ಬಂದ ಕಡೆ ಮಾತು ಬಂತು. ಇಂಗ್ಲಿಷಿನಲ್ಲಿ ಹಡಗಿನ ನುಡಿಗಟ್ಟು ರಾಶಿ ಇವೆ, ಅವರು ಸಮುದ್ರದ ಮೇಲೆ ಬದುಕಿದ ಜನ. 'ಹಗ್ಗಗಳು ಗೊತ್ತಿವೆ' ಅಂದ್ರೆ ಕೆಲಸದ ಒಳಹೊರಗು ಬಲ್ಲ ಅಂತ. ಹಾಯಿಯ ಹಗ್ಗ ಅದು. ಕನಕಪುರಕ್ಕೆ ಹಡಗು ಎಲ್ಲಿಂದ ಬರಬೇಕು? ನಮ್ಮದು ಸಂಗಮದ ಹರಿಗೋಲು. ಹಗ್ಗ ಬರಲಿಲ್ಲ, ಮೊಸಳೆ ಕಣ್ಣೀರು ಬಂತು.

— ಮೊಸಳೆ ಸಂಗಮದಲ್ಲೇ ಇದೆಯಲ್ಲ!

— ಬಂಡೆ ಮೇಲೆ ಬಿಸಿಲು ಕಾಯಿಸ್ತಾ ಮಲಗಿರುತ್ತೆ. ಅರ್ಕಾವತಿ ಕಾವೇರಿ ಸೇರೋ ಕಡೆ ನೀರಿಗಿಳೀಬೇಡಿ ಅಂತ ಬೋರ್ಡೇ ಹಾಕಿದಾರೆ. ಯುರೋಪಿನ ಹಳೇ ಪುಸ್ತಕಗಳಲ್ಲಿ ಅದು ಮನುಷ್ಯನನ್ನ ತಿಂತಾ ತಿಂತಾ ಅಳುತ್ತೆ ಅಂತ ಕತೆ. ಕನ್ನಡದೋನಿಗೆ ಮೊಸಳೆ ಗೊತ್ತಿತ್ತು, ಕಪಟದ ಅಳುವೂ ಗೊತ್ತಿತ್ತು, ಎರಡನ್ನ ಜೋಡಿಸಿ ಕೊಟ್ಟಾಗ ಬೇಡ ಅನ್ನಲಿಲ್ಲ.

— ಸಾರ್, ಇದಕ್ಕೆ ನಾನೇ ಒಂದು ಮಾಡಿದೀನಿ. 'ಕ್ಯಾರಿ ಕೋಲ್ಸ್ ಟು ನ್ಯೂಕ್ಯಾಸಲ್'. ಕಲ್ಲಿದ್ದಲ ಗಣಿ ಇರೋ ಊರಿಗೇ ಕಲ್ಲಿದ್ದಲು ಹೊರೋದು. ಅದಕ್ಕೆ 'ರಾಮನಗರಕ್ಕೆ ಗೂಡು ಹೊತ್ತ ಹಾಗೆ'.

— ಕೆಡ್ತು. ರಾಮನಗರಕ್ಕೆ ಗೂಡು ಹೊರದೆ ಇನ್ನೆಲ್ಲಿಗೆ ಹೊರ್ತಾರೆ? ಮಾರ್ಕೆಟ್ ಇರೋದೇ ಅಲ್ಲಿ. ನಿಮ್ಮಪ್ಪ ಮೊನ್ನೆ ತಾನೇ ಹೊತ್ತಿದಾರೆ. ಚನ್ನಪಟ್ಟಣಕ್ಕೆ ಬೊಂಬೆ ಹೊತ್ತ ಹಾಗೆ ಅನ್ನು.

— ಅದೂ ಕೆಡುತ್ತೆ ಸಾರ್. ಚೀನಾದ ಪ್ಲಾಸ್ಟಿಕ್ ಬೊಂಬೆ ಹೊತ್ತು ತಂದು ಚನ್ನಪಟ್ಟಣದಲ್ಲೇ ಮಾರಿದಾರೆ.

— ಹಾಲೆ ಮರ ಕಡೆದು, ಅರಗು ಹಚ್ಚಿ, ತಾಳೆಗರಿಯಲ್ಲಿ ಮೆರುಗು ಕೊಡೋ ಊರಿಗೆ! ಹಂಗಾದ್ರೆ ಈ ನುಡಿಗಟ್ಟು ನಮ್ಮ ಜಿಲ್ಲೇಲಿ ನಿಲ್ಲಲ್ಲ, ಬಿಡು. ಹೊಳೆಗೆ ನೀರು ಹೊಯ್ದ ಹಾಗೆ ಅನ್ನೋ ಹಳೇದೇ ವಾಸಿ. ಇನ್ನೇನಿದೆ?

— 'ಸೆಂಡ್ ಟು ಕವೆಂಟ್ರಿ'. ಇದು ನಂಗೆ ತಲೆಗೇ ಹತ್ತಲಿಲ್ಲ. ಉತ್ತರ ಏನೋ ಬಹಿಷ್ಕಾರ ಹಾಕೋದು ಅಂತಿದೆ. ಕವೆಂಟ್ರಿ ಯಾವುದು?

— ಇಂಗ್ಲೆಂಡಿನ ನಡುವಣ ಒಂದು ಊರು. ಜೊತೆಗಿರೋರೆಲ್ಲ ಮಾತು ಕಟ್ಟಿ ಒಬ್ಬನ ಜೊತೆ ಮಾತಾಡೋದನ್ನೇ ಬಿಟ್ರೆ ಅವನನ್ನ ಕವೆಂಟ್ರಿಗೆ ಕಳಿಸಿದ್ರು ಅಂತಾರೆ. 1640ರ ದಶಕದಲ್ಲಿ ಅವರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೀತು. ಸೆರೆಸಿಕ್ಕ ರಾಜನ ಕಡೆಯೋರನ್ನ ಕವೆಂಟ್ರಿಗೆ ಸಾಗಿಸಿದ್ರು, ಊರು ಪೂರ್ತಿ ಪಾರ್ಲಿಮೆಂಟ್ ಕಡೆ, ಬೀದೀಲಿ ಕಂಡ್ರೂ ಯಾರೂ ಮಾತಾಡಿಸ್ತಿರಲಿಲ್ಲ ಅಂತ ಒಂದು ಕತೆ. ಅದೇ ಮೂಲ ಅಂತ ಪ್ರಮಾಣ ಮಾಡಿ ಹೇಳೋಕಾಗಲ್ಲ. ಈಗ ಸ್ವಲ್ಪ ಆಚೆ ಬಾ, ತಲೆ ಎತ್ತು. ಅದೇನು?

— ಬೆಟ್ಟ. ಕಬ್ಬಾಳದುರ್ಗ.

— ಸಮುದ್ರಮಟ್ಟದಿಂದ 3,500 ಅಡಿ ಹತ್ತಿರ ಹತ್ತಿರ. ಹತ್ತೋಕೆ ಒಂದೇ ಕಡೆ ದಾರಿ. ಮೈಸೂರು ಸಂಸ್ಥಾನಕ್ಕೆ ಇದೇ ಕವೆಂಟ್ರಿ, ಇನ್ನೂ ಕ್ರೂರವಾದದ್ದು. ಹಿಂದೂ ಅರಸರ ಕಾಲದಲ್ಲೂ ಇದು ಸೆರೆಮನೆ, ಹೈದರ್ ಟಿಪ್ಪು ಕಾಲದಲ್ಲೂ ಸೆರೆಮನೆ. ಇಲ್ಲಿನ ನೀರು ಗಾಳಿಯೇ ಸೆರೆಯವನನ್ನ ಮುಗಿಸುತ್ತೆ ಅನ್ನೋ ಅಪಖ್ಯಾತಿ ಬೇರೆ. 1734ರಲ್ಲಿ ದಳವಾಯಿ ದೇವರಾಜಯ್ಯನ ಕಡೆಯೋರು ಪಟ್ಟದ ಮೇಲಿದ್ದ ಚಾಮರಾಜ ಒಡೆಯರನ್ನೇ ಇಳಿಸಿ ಇಲ್ಲಿಗೆ ಕಳಿಸಿದ್ರು. ಪಟ್ಟಕ್ಕೆ ಬಂದು ಎರಡು ವರ್ಷ ಆಗಿತ್ತು. ಮತ್ತೆ ಇಳಿದು ಬರಲಿಲ್ಲ, ಇಲ್ಲೇ ತೀರಿಹೋದ್ರು.

— ರಾಜನನ್ನೇ! ನಮ್ಮ ಶಾಲೆ ಪುಸ್ತಕದಲ್ಲಿ ಇರಲಿಲ್ಲ ಇದು.

— ರಾಜನನ್ನೇ. ಆಮೇಲೆ ಟಿಪ್ಪು ಕೈಗೆ ಸಿಕ್ಕಿದ ಇಂಗ್ಲಿಷ್ ಸೆರೆಯಾಳುಗಳ ಬರಹಗಳಲ್ಲೂ ಈ ದುರ್ಗದ ಹೆಸರು ಬರುತ್ತೆ, ಹೆದರಿಕೆಯ ಹೆಸರಾಗಿ. ನಂಗೆ ಸೋಜಿಗ ಏನಂದ್ರೆ, ಇಂಗ್ಲಿಷಿಗೆ ನಮ್ಮ ದೇಶದ ಊರುಗಳನ್ನ ಎತ್ಕೊಂಡು ನುಡಿಗಟ್ಟು ಮಾಡ್ಕೊಳೋ ಚಾಳಿ ಚೆನ್ನಾಗಿತ್ತು. 1756ರ ಕಲ್ಕತ್ತದ ಕತ್ತಲ ಕೋಣೆ, ಉಸಿರುಗಟ್ಟೋ ಜಾಗಕ್ಕೆಲ್ಲ ಅದೇ ಹೆಸರಾಯ್ತು. ನಾಸಿಕದ ಹತ್ರ ದೇವಳಾಲಿ ಅಂತ ದಂಡಿನ ಶಿಬಿರ ಇತ್ತು. ಊರಿಗೆ ಹೋಗೋ ಹಡಗಿಗೆ ತಿಂಗಳುಗಟ್ಟಲೆ ಕಾದು ಸಿಪಾಯಿಗಳಿಗೆ ತಲೆ ಕೆಡ್ತಿತ್ತು, 'ಡೂಲಾಲಿ' ಅಂದ್ರೆ ಇವತ್ತಿಗೂ ಇಂಗ್ಲೆಂಡಿನಲ್ಲಿ ತಲೆಕೆಟ್ಟೋನು. ಪುರಿಯ ಜಗನ್ನಾಥನ ರಥ ಜಗ್ಗರ್‌ನಾಟ್ ಆಯ್ತು. ಕಬ್ಬಾಳ ಮಾತ್ರ ತಪ್ಪಿಸ್ಕೊಂಡಿತು.

— ಕನ್ನಡದಲ್ಲಾದ್ರೂ ಆಗಬೇಕಿತ್ತಲ್ಲ ಸಾರ್, 'ಕಬ್ಬಾಳಕ್ಕೆ ಕಳಿಸ್ತೀನಿ ಹುಷಾರ್' ಅಂತ.

— ಆ ಕಾಲದಲ್ಲಿ ಅಂದಿರಬಹುದು, ಯಾರು ಬರೆದಿಟ್ರು? ಈಗ ಜೈಲಿಗೆ ನಮ್ಮಲ್ಲಿ ಬೇರೆ ಊರು ಸಿಕ್ಕಿದೆ.

— ಪರಪ್ಪನ ಅಗ್ರಹಾರ.

— ವೇದ ಓದೋರಿಗೆ ಕೊಟ್ಟ ಊರಿಗೆ ಅಗ್ರಹಾರ ಅಂತಿದ್ದದ್ದು. ಈಗ ಅಗ್ರಹಾರಕ್ಕೆ ಹೋದ ಅಂದ್ರೆ ಬೆಂಗಳೂರಲ್ಲಿ ಯಾರೂ ವೇದ ನೆನೆಸ್ಕೊಳಲ್ಲ. ಅದಕ್ಕೂ ಮುಂಚೆ ಕೃಷ್ಣ ಜನ್ಮಸ್ಥಾನ ಅಂತಿದ್ರು, ಮಾವನ ಮನೆ ಅಂತಿದ್ರು, ಮುದ್ದೆ ಮುರಿಯೋಕೆ ಹೋದ ಅಂತಿದ್ರು. ಒಂದಕ್ಕಿಂತ ಒಂದು ಚೆನ್ನ. ಜೈಲನ್ನ ಜೈಲು ಅನ್ನೋಕೆ ನಮ್ಮ ಜನಕ್ಕೆ ಮನಸ್ಸೇ ಬರಲ್ಲ.

— ಆದ್ರೆ ಸಾರ್, ಕಬ್ಬಾಳು ಮಾತಲ್ಲಿ ಇಲ್ಲ ಅನ್ನಬೇಡಿ. ದಿನಾ ಅಂಗಡೀಲಿ ಕೂತು ಕೇಳ್ತೀನಿ. ಜಮೀನು ಜಗಳ, ಸಾಲದ ಜಗಳ, ಗಂಡ ಹೆಂಡಿರ ಜಗಳ, ಯಾವುದೇ ಆಗಲಿ, 'ಕಬ್ಬಾಳಮ್ಮನ ಮುಂದೆ ಬಂದು ಹೇಳು' ಅಂತ ಒಬ್ರು ಅಂದ್ರೆ ಇನ್ನೊಬ್ರು ಗಕ್ಕನೆ ನಿಲ್ತಾರೆ. ಹೋದ ಶುಕ್ರವಾರ ಇಬ್ರು ಬಂದಿದ್ರು, ಅಣ್ಣ ತಮ್ಮ. ತಮ್ಮ ನನ್ನ ಹತ್ರ ಕರ್ಪೂರ ತಗೊಂಡ. ಅಣ್ಣ ಅಲ್ಲೇ, ನೀವು ಕೂತಿರೋ ಬೆಂಚಲ್ಲಿ ಕೂತು ಎದ್ದು, ಕೂತು ಎದ್ದು, ಕಡೆಗೆ 'ನಡಿಯೋ, ಊರಲ್ಲೇ ಅಳತೆ ಹಾಕ್ಸವ' ಅಂದ. ಕರ್ಪೂರ ವಾಪಸ್ ತಗೋ ಅಂತ ತಮ್ಮ ಕೇಳಲಿಲ್ಲ.

— ಇದು ನಾನು ಗಮನಿಸೇ ಇರಲಿಲ್ಲ ಕಣಮ್ಮ. ಬೆಟ್ಟದ ಮೇಲಿನ ಕಬ್ಬಾಳ ಅಂದ್ರೆ ಬಾಯಿ ಮುಚ್ಚಿಸೋ ಜಾಗ ಆಗಿತ್ತು, ಬುಡದ ಕಬ್ಬಾಳು ಬಾಯಿ ಬಿಡಿಸೋ ಜಾಗ. ಕರಾವಳಿಯೋರು ಧರ್ಮಸ್ಥಳಕ್ಕೆ ಬಾ ಅಂತಾರಲ್ಲ, ಹಂಗೆ. 2011ರಲ್ಲಿ ಯಡಿಯೂರಪ್ಪನವರಿಗೂ ಕುಮಾರಸ್ವಾಮಿಯವರಿಗೂ ಆ ಮಾತು ಬಂದು ಇಬ್ಬರೂ ಧರ್ಮಸ್ಥಳಕ್ಕೆ ಹೋದ್ರು, ಆಣೆ ಮಾಡದೆ ಕೈ ಮುಗಿದು ಬಂದ್ರು. ಆಣೆಗೆ ಕರೆಯೋ ಮಾತಿಗೆ ಇಂಗ್ಲಿಷಿನಲ್ಲಿ ಸಮ ಏನು ಅಂತ ನನ್ನ ಕೇಳಿದ್ರೆ ಹೇಳೋಕಾಗಲ್ಲ. ಬೈಬಲ್ ರಾಶಿಯ ಮೇಲೆ ಆಣೆ ಇಡ್ತೀನಿ ಅಂತ ಒಂದಿದೆ, ಆದ್ರೆ ಅದು ತಾನೇ ಇಡೋದು, ಎದುರಿನವನನ್ನ ಎಳೆಯೋದಲ್ಲ. ಯಾವ ದೇವರ ಮುಂದೆ ಅನ್ನೋದು ಜಿಲ್ಲೆ ದಾಟಿದ್ರೆ ಬದಲಾಗುತ್ತೆ.

— ಇದನ್ನ ಪರೀಕ್ಷೇಲಿ ಕೇಳಿದ್ರೆ ಅವರಿಗೂ ಕಷ್ಟ ಆಗುತ್ತೆ.

— ಇಂಥ ಮಾತನ್ನ ಕೇಳಿಸ್ಕೊಂಡು ಬರೆದಿಟ್ಟೋರೂ ಇದ್ದರು. ಕಿಟೆಲ್ ಅಂತ ಜರ್ಮನಿಯ ಪಾದ್ರಿ, ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಲ್ಲಿ ಅಚ್ಚಾಯ್ತು. 1,700 ಪುಟ ದಾಟಿದ ಪುಸ್ತಕ. ತನ್ನದಲ್ಲದ ಕನ್ನಡವನ್ನ ತನ್ನದಲ್ಲದ ಇಂಗ್ಲಿಷಿನಲ್ಲಿ ವಿವರಿಸಬೇಕು, ಎಂಥ ಪಾಡು ನೋಡು. ಪದದ ಕೆಳಗೆ ಬರೀ ಅರ್ಥ ಹಾಕಿ ಕೈಬಿಡಲಿಲ್ಲ, ಆ ಪದ ಬರೋ ಗಾದೆಗಳನ್ನೂ ಪೋಣಿಸಿದ್ರು, ಮಾತು ಬಳಕೆಯಲ್ಲಿ ಹೆಂಗೆ ತಿರುಗುತ್ತೆ ಅಂತ ಕಾಣಲಿ ಅಂತ. ನಿಮ್ಮ ಪಟ್ಟಿ ಪುಸ್ತಕ ಬರೆದೋರಿಗೆ ಆ ಬುದ್ಧಿ ಬರಲಿಲ್ಲ. ನಮ್ಮ ಕಾಲದಲ್ಲಿ ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಬರೀತಿದ್ರು. ಯಾವುದೋ ಊರಿನ ಯಾರೋ ಒಂದು ಪದ ಕೇಳ್ತಿದ್ರು, ಅವರು ಉತ್ತರ ಕೊಡ್ತಿದ್ರು. ಅಂಥ ಅಂಕಣಕ್ಕೆ ಕಾಯೋ ಓದುಗರಿದ್ರು ಅನ್ನೋದೇ ಈಗ ನಂಬೋಕೆ ಕಷ್ಟ.

— ಸಾರ್, ಬೆಕ್ಕು ನಾಯಿ ಮಳೆ? ಇದು ಪ್ರತಿ ಪುಸ್ತಕದಲ್ಲೂ ಮೊದಲನೇ ಪುಟ.

— 'ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್'. ಈ ಮಾತನ್ನ ಜೊನಾಥನ್ ಸ್ವಿಫ್ಟ್ ಅನ್ನೋ ಲೇಖಕ 1738ರ ಒಂದು ಪುಸ್ತಕದಲ್ಲಿ ಬಳಸಿದ. ಯಾಕೆ ಬಳಸಿದ ಅನ್ನೋದು ಕೇಳು. ದೊಡ್ಡ ಮನೆಯೋರು ಔತಣಕ್ಕೆ ಸೇರಿ, ಸ್ವಂತದ್ದು ಒಂದು ಮಾತೂ ಆಡದೆ ಬರೀ ಸವೆದ ಮಾತುಗಳಲ್ಲೇ ಹರಟೋದನ್ನ ಗೇಲಿ ಮಾಡೋಕೆ ಬರೆದ ಸಂಭಾಷಣೆಗಳು ಅವು. ಅಂದ್ರೆ ಆಗಲೇ ಆ ಮಾತು ಹಳಸಿತ್ತು. ಸುಮಾರು 290 ವರ್ಷ ಆದ ಮೇಲೆ ನೀನು ಕಬ್ಬಾಳಲ್ಲಿ ಕೂತು ಅದನ್ನ ಉರು ಹೊಡೀತಿದೀಯ. ಇವತ್ತು ಲಂಡನ್ನಿನ ಹುಡುಗಿ ಮಳೇಲಿ ನೆಂದು ಬಂದು ಇದನ್ನ ಅಂತಾಳೆ ಅಂತ ನಂಗೇನೋ ಅನ್ನಿಸಲ್ಲ.

— ನಾವೂ ಕುಂಭದ್ರೋಣ ಮಳೆ ಅಂತ ಪ್ರಬಂಧದಲ್ಲಿ ಮಾತ್ರ ಬರೀತೀವಿ. ಮನೇಲಿ ಧೋ ಅಂತ ಹುಯ್ತು ಅಂತೀವಿ.

— ಅಷ್ಟೇ.

— ಮತ್ತೆ ಯಾಕೆ ಸಾರ್ ಇವನ್ನೇ ಕೇಳ್ತಾರೆ? ಒಂದು ಗಂಟೇಲಿ 100 ಪ್ರಶ್ನೆ, ಅದರಲ್ಲಿ ಇಂಗ್ಲಿಷು 25. ತಪ್ಪಾದ್ರೆ ಅರ್ಧ ಅಂಕ ಕಿತ್ಕೋತಾರೆ. ಇದು ಗೊತ್ತಿದ್ರೆ ಕಡತ ಚೆನ್ನಾಗಿ ನೋಡ್ಕೋತಾಳೆ ಅಂತಾನಾ?

— ಜರಡಿ ಕಣಮ್ಮ. ಅರ್ಜಿ ಲಕ್ಷಗಟ್ಟಲೆ, ಕೆಲಸ ಸಾವಿರದ ಲೆಕ್ಕ. ಜರಡಿಯ ಕಣ್ಣು ಯಾವುದಾದ್ರೇನು, ಸಣ್ಣದಾಗಿದ್ರೆ ಆಯ್ತು. ಇದರಲ್ಲಿ ಒಂದು ಅನ್ಯಾಯ ಇದೆ, ಇಂಗ್ಲಿಷ್ ಮಾತಾಡೋ ಮನೇಲಿ ಹುಟ್ಟಿದೋನಿಗೆ ಈ ಕಣ್ಣು ದೊಡ್ಡದು, ನಿಂಗೆ ಸಣ್ಣದು. ಸ್ಟಾಫ್ ಸೆಲೆಕ್ಷನ್‌ನೋರು 2023ರಿಂದ ಒಂದೆರಡು ಪರೀಕ್ಷೆ ಕನ್ನಡದಲ್ಲೂ ಬರೆಯೋಕೆ ಬಿಟ್ಟಿದಾರೆ, ಒಳ್ಳೇದೇ, ಆದ್ರೂ ಇಂಗ್ಲಿಷ್ ಭಾಗ ಇಂಗ್ಲಿಷೇ. ಬೈಕೊಂಡು ಪ್ರಯೋಜನ ಇಲ್ಲ, ಗುರುತು ಹಾಕು. ಕಾಗದ ಬರೆಯೋ ಪತ್ರಿಕೆ ಬಂದ್ರೆ ಮಾತ್ರ ಇವು ಒಂದನ್ನೂ ಮುಟ್ಟಬೇಡ, ನೆಟ್ಟಗೆ ಬರಿ.

— ಇನ್ನೊಂದು ಕೇಳ್ತೀನಿ. 'ಸ್ಪಿಲ್ ದ ಬೀನ್ಸ್'. ಗುಟ್ಟು ಬಿಟ್ಟುಕೊಡೋದು. ಬಾಯಿ ಬಿಡೋದು ಅಂತ ಪಕ್ಕದಲ್ಲಿ ಬರೆದಿದೀನಿ, ಸರೀನಾ?

— ಯಾರು ಯಾರಿಗೆ ಹೇಳೋ ಮಾತು?

— ಬಾಯಿ ಬಿಟ್ಟ ಅಂದ್ರೆ... ಪೊಲೀಸ್ನೋರು. 'ಆರೋಪಿ ವಿಚಾರಣೆ ವೇಳೆ ಬಾಯ್ಬಿಟ್ಟಿದ್ದಾನೆ'.

— ಅವರ ಹುರುಳಿಕಾಯಿ ಗೆಳತಿಯರ ನಡುವೆ ಚೆಲ್ಲೋದು. ಮದುವೆ ಗೊತ್ತಾಗಿದೆಯಂತೆ, ಹೇಳೇ ಹೇಳೇ ಅಂತ ಪೀಡಿಸ್ತೀರಲ್ಲ, ಅಲ್ಲಿಗೆ ಆಗುತ್ತೆ. ಸ್ಟೇಷನ್ನಿಗೆ ಅಷ್ಟು ಹೊಂದಲ್ಲ.

— ಹಂಗಾದ್ರೆ ಬಾಯಿ ಬಿಡೋದನ್ನ ಹೊಡೆದು ಹಾಕ್ಲಾ?

— ಬೇಡ, ಇರಲಿ. ಪಕ್ಕದಲ್ಲಿ 'ಪೊಲೀಸ್' ಅಂತ ಬರಿ, ಅದರ ಕೆಳಗೆ 'ಗೆಳತೀರು' ಅಂತ ಬರಿ. ಬರೆದ್ಯಾ? ಯಾರೋ ಬಂದ್ರು ನೋಡು, ಎರಡು ಜೊತೆ ಹಣ್ಣುಕಾಯಿ ಕೇಳ್ತಿದಾರೆ.